ಪದಕ್ಕೆ 59 ಪೈಸೆ

ಡೋಂಬಿವಲಿಯಲ್ಲಿ ಇವರು ಒಬ್ಬರಿದ್ದಾರೆ. ಮುಲುಂಡಿನಲ್ಲಿ ಇನ್ನೊಬ್ಬರು, ಮೀರಾ ರೋಡಿನಲ್ಲಿ ಮತ್ತೊಬ್ಬರು. ನೆರೂಲಿನಲ್ಲಿ ಇಬ್ಬರಿದ್ದಾರೆ, ಆದರೆ ಅವರಿಬ್ಬರಿಗೆ ಮಾತಿಲ್ಲ. ಕನ್ನಡ ಸಂಘವೆಂದು ಒಂದು ಬೋರ್ಡು, ಬೋರ್ಡಿನ ಹಿಂದೆ ಒಂದು ವಾಚನಾಲಯ, ಅದರ ಮೂಲೆಯಲ್ಲಿ ‘ಮಕ್ಕಳ ವಿಭಾಗ’ ಎಂಬ ಚೀಟಿ ಅಂಟಿಸಿದ ಒಂದು ಕಪಾಟು ಇದ್ದರೆ ಸಾಕು, ಆ ಕಪಾಟಿನ ಬೀಗದ ಕೈ ಇವರ ಜೇಬಿನಲ್ಲಿರುತ್ತದೆ. ನಾವು ಮಾಮ ಎಂದು ಕರೆಯುತ್ತೇವೆ. ಪುಸ್ತಕ ಆಯ್ಕೆ ಸಮಿತಿಯ ಸಂಚಾಲಕರು.

ಮಕ್ಕಳ ಪುಸ್ತಕಕ್ಕೆ ಬೀಗ ಯಾಕೆ ಎಂದು ನಾನೂ ಒಮ್ಮೆ ಕೇಳಿದ್ದೆ.

“ಬೀಗ ಹಾಕದಿದ್ದರೆ ಮಕ್ಕಳು ತೆಗೀತಾರಲ್ಲ ಮಾರಾಯ್ರೆ!”

ಮಾಮ ಹದಿನಾಲ್ಕರ ಹರೆಯದಲ್ಲಿ ಕಾರ್ಕಳ ಕಡೆಯಿಂದ ಮುಂಬಯಿಗೆ ಬಂದವರು. ಹಗಲು ಫೋರ್ಟಿನ ಹೋಟೆಲಿನಲ್ಲಿ ಟೇಬಲು ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಮೆಟ್ರಿಕ್ ಮುಗಿಸಿ, ಮುಂದೆ ಊರಿನವರದ್ದೇ ಎನ್ನಬಹುದಾದ ಒಂದು ಬ್ಯಾಂಕಿಗೆ ಸೇರಿ ಆಫೀಸರಾಗಿ ನಿವೃತ್ತರಾದರು. ಆ ಬ್ಯಾಂಕು 2020ರ ಏಪ್ರಿಲ್ 1ರಂದು ವಿಲೀನವಾಗಿ, ಅದರ ಹೆಸರು ಬೋರ್ಡುಗಳಿಂದ ಇಳಿದುಹೋಯಿತು. ಮಾಮನ ಬಾಲ್‌ಪೆನ್ನಿನ ಮೇಲೆ ಮಾತ್ರ ಇನ್ನೂ ಇದೆ. ಆ ಪೆನ್ನಿನಿಂದಲೇ ಅವರು ಮಕ್ಕಳ ಪುಸ್ತಕಗಳನ್ನು ಆಡಿಟ್ ಮಾಡುವುದು.

ವಿಧಾನ ಹೀಗಿದೆ. ಚಿತ್ರಪುಸ್ತಕ ಕೈಗೆ ಬಂದ ಕೂಡಲೇ ಮಾಮ ಚಿತ್ರ ನೋಡುವುದಿಲ್ಲ. ಎರಡೂ ರಟ್ಟು ಹಿಡಿದು, ಹೆಂಗಸರು ಸೀರೆಯ ಸೆರಗು ಎಳೆದು ನೋಡಿದಂತೆ, ಬೈಂಡಿಂಗನ್ನು ಎಳೆಯುತ್ತಾರೆ. ಪಿನ್ನು ಸಡಿಲವಾದರೆ ಅಲ್ಲಿಗೇ ತಿರಸ್ಕೃತ. ಪಾಸಾದರೆ ಪದಗಳ ಎಣಿಕೆ. ತುಟಿ ಅಲ್ಲಾಡಿಸುತ್ತ, ಬೆರಳಿಟ್ಟು, ಹದಿನಾರು ಪುಟವನ್ನೂ ಎಣಿಸಿ ಕ್ಯಾಲ್ಕ್ಯುಲೇಟರ್ ತೆಗೆಯುತ್ತಾರೆ. “ಬೆಲೆ 60 ರೂಪಾಯಿ. ಪದ 102. ಪದಕ್ಕೆ 59 ಪೈಸೆ ಬಿತ್ತು. ಅದೇ ಮೊನ್ನೆ ತಂದ ಕಾದಂಬರಿ ನೋಡಿ, ಪದಕ್ಕೆ ಅರ್ಧ ಪೈಸೆ! ಎಂತ ದರೋಡೆ ಇದು?”

“ಚಿತ್ರಕ್ಕೆ ದುಡ್ಡಲ್ಲವಾ ಮಾಮ?”

“ಚಿತ್ರ ಸುಮ್ಮನೆ ಜಾಗ ತುಂಬಿಸಲಿಕ್ಕೆ. ನಾವೂ ಪಾಸ್‌ಬುಕ್ಕಿನ ಮೇಲೆ ಗಣಪತಿ ಚಿತ್ರ ಹಾಕಿ ಕೊಡ್ತಿದ್ದೆವು. ಅದಕ್ಕೆ ಚಾರ್ಜು ಮಾಡಿದ್ದುಂಟಾ?”

ಕೊನೆಯ ಪರೀಕ್ಷೆ ನೀತಿಯದ್ದು. ಮಾಮ ನೇರ ಕೊನೆಯ ಪುಟಕ್ಕೆ ಹೋಗುತ್ತಾರೆ. ಆನೆಮರಿ ಕೆಸರಿನಲ್ಲಿ ಹೊರಳಾಡಿ ನಿದ್ದೆ ಹೋಯಿತು ಎಂದು ಕತೆ ಮುಗಿದಿದ್ದರೆ ಅವರಿಗೆ ಅದು ಅಪೂರ್ಣ ವೋಚರಿನ ಹಾಗೆ. “ನಿದ್ದೆ ಹೋಯಿತು, ಸರಿ. ಕೈಕಾಲು ತೊಳೆಯಿತಾ? ಮಕ್ಕಳು ಇದರಿಂದ ಎಂತ ಕಲಿಯಬೇಕು?” ಸಮಿತಿಯಲ್ಲಿ ನಮ್ಮ ಪುಣ್ಯಕ್ಕೆ ಧಾರವಾಡದ ಒಬ್ಬ ಟೀಚರ್ ಇದ್ದಾರೆ. ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು. ಈ ಊರಿನ ಪಾಲಿಕೆ ಮರಾಠಿ, ಹಿಂದಿ, ಉರ್ದು, ಇಂಗ್ಲಿಷ್, ಗುಜರಾತಿ, ತಮಿಳು, ತೆಲುಗಿನ ಜೊತೆ ಕನ್ನಡದಲ್ಲೂ ಶಾಲೆ ನಡೆಸುತ್ತದೆಂದು ಬೆಂಗಳೂರಿನವರಿಗೆ ಹೇಳಿದರೆ ನಂಬುವುದಿಲ್ಲ. ಅದು ಬೇರೆ ಮಾತು. ಟೀಚರ್ ಹೇಳಿದರು: “ಮಲಗಿದ ಕೂಸನ್ನ ಎಬ್ಬಿಸಿ ಕೈಕಾಲು ತೊಳಸ್ತೀರೇನ್ರೀ? ಆನೀ ಮಲಗಲಿ ಬಿಡ್ರಿ.” ಆನೆ ಎರಡು–ಒಂದು ಮತಗಳಿಂದ ಪಾಸಾಯಿತು.

ಮಾಮ ಚಿತ್ರಪುಸ್ತಕದ ವೈರಿ ಎಂದು ಮಾತ್ರ ತಿಳಿಯಬೇಡಿ. ಅಮರ ಚಿತ್ರ ಕಥೆ ಎಂದರೆ ಅವರ ಕಣ್ಣು ತುಂಬಿ ಬರುತ್ತದೆ. “ಅನಂತ ಪೈಗಳು ಎಲ್ಲಿಯವರು ಹೇಳಿ? ನಮ್ಮ ಕಾರ್ಕಳದವರು! ಮುಂಬಯಿಯಲ್ಲಿ ಕೂತು ಇಡೀ ದೇಶಕ್ಕೆ ರಾಮಾಯಣ ಮಹಾಭಾರತ ಉಣಿಸಿದರು. ಅದು ಪುಸ್ತಕ. ಈಗಿನದ್ದು ಎಂತ? ನಾಯಿಮರಿ ಚಡ್ಡಿ ಹುಡುಕಿತು, ಸಿಕ್ಕಿತು, ಮುಗಿಯಿತು.”

ಮಾಮನ ಮುಖ ನೋಡಬೇಕೆಂಬ ಆಸೆಗೆ ಒಮ್ಮೆ ನಾನೊಂದು ಸಂಗತಿ ಹೇಳಿದೆ. ಆ ಸರಣಿಯಲ್ಲಿ ಪೈಗಳ ‘ಕೃಷ್ಣ’ನ ಸಂಖ್ಯೆ 11. ಒಂದರಿಂದ ಹತ್ತು ಎಲ್ಲಿ? ಅವು 1965ರ ಹೊತ್ತಿಗೆ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಿಂದ ಬಂದಿದ್ದವು, ಅದೂ ಕನ್ನಡದಲ್ಲಿ. ಅಮರ ಚಿತ್ರ ಕಥೆ ಬಾಯಿ ಬಿಟ್ಟು ಆಡಿದ ಮೊದಲ ಮಾತೇ ಕನ್ನಡ! ಮಾಮ ಕುರ್ಚಿಯಲ್ಲಿ ನೆಟ್ಟಗಾದರು. “ನಾನು ಹೇಳಲಿಲ್ಲವಾ?” ಎಂದರು. ಆ ಹತ್ತರಲ್ಲಿದ್ದದ್ದು ಸಿಂಡರೆಲಾ, ಪಿನೋಕಿಯೋ, ಮೂರು ಹಂದಿಮರಿಗಳು ಎಂದು ನಾನು ಮುಂದುವರಿಸುವಷ್ಟರಲ್ಲಿ ಮಾಮನಿಗೆ ತುರ್ತಾಗಿ ಫ್ಯಾನಿನ ರೆಗ್ಯುಲೇಟರ್ ನೋಡಬೇಕಾಯಿತು.

ಕಳೆದ ಬೇಸಿಗೆಯಲ್ಲಿ ಹೊಸ ಪುಸ್ತಕಕ್ಕೆಂದು ಸ್ವಲ್ಪ ದುಡ್ಡು ಮಂಜೂರಾಯಿತು. ಮಾಮನನ್ನು ಕಟ್ಟಿಕೊಂಡು ಸ್ಲೋ ಲೋಕಲ್ ಹಿಡಿದು ಊರೊಳಗಿನ ಒಂದು ಮಕ್ಕಳ ಪುಸ್ತಕದಂಗಡಿಗೆ ಹೋದೆ. ಒಳ್ಳೆಯ ಚಿತ್ರಪುಸ್ತಕ ಹೇಗಿರುತ್ತದೆಂದು ಒಮ್ಮೆ ಅವರು ಕಣ್ಣಾರೆ ಕಾಣಲಿ ಎಂದು. ಅಂಗಡಿಯ ಹುಡುಗಿ ಪ್ರೀತಿಯಿಂದ ಒಂದು ದಪ್ಪ ರಟ್ಟಿನ ಪುಸ್ತಕ ಕೊಟ್ಟಳು. ಎರಿಕ್ ಕಾರ್ಲನ ಹಸಿದ ಕಂಬಳಿಹುಳದ ಕತೆ, 1969ರದ್ದು. ಸೋಮವಾರ ಒಂದು ಸೇಬು, ಮಂಗಳವಾರ ಎರಡು ಪೇರಳೆ. ಹುಳ ತಿಂದ ಕಡೆಯೆಲ್ಲ ಹಾಳೆಯಲ್ಲಿ ನಿಜವಾಗಿ ತೂತು. ಮಾಮ ಮೊದಲ ತೂತಿಗೆ ಕಿರುಬೆರಳು ತೂರಿಸಿದರು. ಎರಡನೆಯದಕ್ಕೂ ತೂರಿಸಿದರು. ಪುಸ್ತಕವನ್ನು ಕೌಂಟರಿನ ಮೇಲಿಟ್ಟು, ಆ ಹುಡುಗಿಗೆ ನೋವಾಗದ ಹಾಗೆ, ದನಿ ತಗ್ಗಿಸಿ ಹೇಳಿದರು: “ಬೇಟಾ, ಸ್ಟಾಕ್ ಚೆಕ್ ಕರೋ. ಕೀಡಾ ಲಗಾ ಹೈ.”

ನನಗೆ ನೆಲ ಬಿರಿದು ನುಂಗಬಾರದೇ ಎನಿಸಿತು. ಆಮೇಲೆ ತಿಳಿದದ್ದು ಏನೆಂದರೆ, ಕಾರ್ಲನಿಗೆ ಆ ಪುಸ್ತಕ ಹೊಳೆದದ್ದೇ ಒಂದು ದಿನ ಕಾಗದದ ಕಟ್ಟಿಗೆ ಪಂಚಿಂಗ್ ಮಷಿನಿನಿಂದ ತೂತು ಹೊಡೆಯುತ್ತ ಕೂತಾಗ, ‘ಪುಸ್ತಕಕ್ಕೆ ಹುಳ ಹಿಡಿದ ಹಾಗಿದೆಯಲ್ಲ’ ಎನಿಸಿ. ಜಗತ್ತಿನ ವಿಮರ್ಶಕರೆಲ್ಲ ಪುಟಗಟ್ಟಲೆ ಬರೆದದ್ದನ್ನು ನಮ್ಮ ಮಾಮ ಕಿರುಬೆರಳಿನಿಂದ ಹಿಡಿದಿದ್ದರು. ಅಷ್ಟು ತೂತು ಅಗ್ಗದಲ್ಲಿ ಹೊಡೆದುಕೊಡುವ ಪ್ರೆಸ್ಸು ಅಮೆರಿಕದಲ್ಲಿ ಸಿಗದೆ ಜಪಾನಿನಲ್ಲಿ ಅಚ್ಚು ಹಾಕಿಸಿದರಂತೆ. ಇದನ್ನು ಹೇಳಿದಾಗ ಮಾಮನಿಗೆ ಮೊದಲ ಬಾರಿ ಆ ಪುಸ್ತಕದ ಮೇಲೆ ಗೌರವ ಮೂಡಿತು. “ರೇಟು ವಿಚಾರಿಸಿ ಮಾಡಿಸಿದ್ದಾರೆ” ಎಂದರು.

ಆದರೂ ಅದನ್ನು ಕೊಳ್ಳಲಿಲ್ಲ. ಕನ್ನಡದ್ದಲ್ಲವಲ್ಲ. ಕನ್ನಡದಲ್ಲಿ ಬಂದಿದ್ದರೂ ಕಷ್ಟವೇ ಇತ್ತು. ಕೊನೆಯಲ್ಲಿ ಹುಳ ಏನಾಗುತ್ತದೆ ಎಂಬಲ್ಲಿಗೆ ಸಮಿತಿ ಒಡೆಯುತ್ತಿತ್ತು. ಹಿಂದಿನ ವರ್ಷ ಇನ್ನೊಂದು ಪುಸ್ತಕದ ಮೇಲೆ ಆದದ್ದು ಅದೇ. ಮಾಮ “ಚಿಟ್ಟೆ” ಎಂದರು, ಟೀಚರ್ “ಪಾತರಗಿತ್ತಿ” ಎಂದರು, ಮುಕ್ಕಾಲು ಗಂಟೆ ಕರಾವಳಿಗೂ ಬಯಲುಸೀಮೆಗೂ ಯುದ್ಧ ನಡೆಯಿತು. ಯಾರ ಸಲುವಾಗಿ ಯುದ್ಧವೋ ಆ ಮಗು, ಮಾಮನ ಮೊಮ್ಮಗಳು, ಕಿಟಕಿಯ ಕಟ್ಟೆ ಮೇಲೆ ಕೂತು ಪುಸ್ತಕ ತಿರುವಿ, “ಫುಲಪಾಖರೂ!” ಎಂದಳು. ಮನೆಯಲ್ಲಿ ತುಳು, ಮೆಟ್ಟಿಲ ಮೇಲೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ರಿಕ್ಷಾದಲ್ಲಿ ಹಿಂದಿ. ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಬೀಳುವುದು ಭಾನುವಾರ ಹತ್ತರಿಂದ ಹನ್ನೆರಡು, ಅದೂ ಬೀಗ ತೆಗೆದಿದ್ದರೆ.

ಕೊಳ್ಳುವುದು ದುಬಾರಿಯಾದರೆ ಪುಕ್ಕಟೆಯದ್ದನ್ನು ತರೋಣ ಎಂದೆ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಿಂದ ತಮ್ಮ ಜಾಲತಾಣ ಸ್ಟೋರಿವೀವರ್‌ನಲ್ಲಿ ಚಿತ್ರಕತೆಗಳನ್ನು ಯಾರು ಬೇಕಾದರೂ ಇಳಿಸಿ ಪ್ರಿಂಟ್ ಹಾಕಿಕೊಳ್ಳುವಂತೆ ಬಿಟ್ಟಿದ್ದಾರೆ. ಕನ್ನಡದಲ್ಲೂ ರಾಶಿ ಇವೆ. ಪುಕ್ಕಟೆ ಎಂದದ್ದೇ ತಡ, ಮಾಮ ಆ ಸಂಜೆಯೇ ಸ್ಟೇಶನ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ನಿಂತಿದ್ದರು. ಕಲರಿಗೆ ಹತ್ತು ರೂಪಾಯಿ, ಬ್ಲ್ಯಾಕ್ ಅಂಡ್ ವೈಟಿಗೆ ಎರಡು. ಯಾವುದಕ್ಕೆ ಹಾಕಿಸಿದರೆಂದು ಹೇಳಬೇಕಿಲ್ಲ. ಭಾನುವಾರ ಮಾಮ ಗಿಳಿ, ಮಿಂಚುಳ್ಳಿ, ನವಿಲು ಎಂದು ಹೆಮ್ಮೆಯಿಂದ ಓದುತ್ತ ಹೋದರು. ಮುಂದಿನ ಸಾಲಿನ ಹುಡುಗ ಕುತ್ತಿಗೆ ಚಾಚಿ ನೋಡಿ ಕೇಳಿದ: “ಮಾಮ, ಸಬ್ ಕಾಗೆ ಹೈ ಕ್ಯಾ?”

ಕೊನೆಗೆ ಬೆಂಗಳೂರಿನಿಂದ ಪಾರ್ಸೆಲ್ ತರಿಸಿದೆವು. ಇಪ್ಪತ್ತೆರಡು ಪುಸ್ತಕ. ಇಪ್ಪತ್ತೊಂದು ಹೇಗೋ ಪಾಸಾದವು. ಇಪ್ಪತ್ತೆರಡನೆಯದನ್ನು ಮಾಮ ಹಿಂದೆ ಮುಂದೆ ತಿರುವಿದರು, ಕನ್ನಡಕ ಒರೆಸಿ ಮತ್ತೆ ತಿರುವಿದರು. ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಮಳೆಗಾಲದ ಒಂದು ಊರು, ಒಬ್ಬ ಅಜ್ಜನ ಕೈತಪ್ಪಿ ಹಾರಿಹೋಗುವ ಒಂದು ಕರಿ ಕೊಡೆ, ಅಷ್ಟೇ. “ಪ್ರಿಂಟಿಂಗ್ ಮಿಸ್ಟೇಕ್” ಎಂದರು. ಅಲ್ಲ, ಇದು ಹೀಗೇ ಇರುವ ಪುಸ್ತಕ ಎಂದೆ. ಮಾಮ ಕ್ಯಾಲ್ಕ್ಯುಲೇಟರ್ ತೆಗೆದರು. 120 ಭಾಗಿಸು ಸೊನ್ನೆ. ಪರದೆಯ ಮೇಲೆ ‘ಇ’ ಎಂಬ ಅಕ್ಷರ ಮೂಡಿ ಕೂತಿತು. ನಲವತ್ತು ವರ್ಷದ ಸರ್ವಿಸಿನಲ್ಲಿ ಕ್ಯಾಲ್ಕ್ಯುಲೇಟರ್ ತಮಗೆ ಹೀಗೆ ಎದುರಾಡಿದ್ದಿಲ್ಲ ಎಂಬಂತೆ ಅದನ್ನೇ ನೋಡಿದರು.

ವಾಪಸು ಕಳಿಸಲು ಅಂಚೆ ಖರ್ಚು ಪುಸ್ತಕಕ್ಕಿಂತ ಹೆಚ್ಚಾಗುತ್ತಿತ್ತು. ಹಾಗಾಗಿ ಅದು ಮೇಜಿನ ಮೇಲೇ, ಬೀಗದ ಹೊರಗೆ, ಉಳಿಯಿತು. ಮಕ್ಕಳ ಕೈಗೆ ಸಿಕ್ಕಿತು. ಒಬ್ಬಳು ಕತೆಯನ್ನು ತುಳುವಿನಲ್ಲಿ ಹೇಳಿದಳು, ಇನ್ನೊಬ್ಬ ಮರಾಠಿಯಲ್ಲಿ. ಆರನೆಯ ಪುಟದ ಸ್ಟೇಶನ್ ಠಾಕುರ್ಲಿ ಎಂದು ಒಂದು ಗುಂಪು, ಅಲ್ಲ ಕೋಪರ್ ಎಂದು ಇನ್ನೊಂದು ಗುಂಪು ಕಾದಾಡಿದವು. ಕೊಡೆಯನ್ನು ಅಜ್ಜ ಮರೆತು ಬಿಟ್ಟದ್ದು ಎಂದು ಯಾರೋ ಹೇಳಿದಾಗ ಮಾಮ ದೂರದಿಂದಲೇ ಗುಡುಗಿದರು: “ಮರೆತದ್ದಲ್ಲ! ಮೇಲಿನ ರ್‍ಯಾಕಿನಲ್ಲಿಟ್ಟಿದ್ದು, ಕುರ್ಲಾದಲ್ಲಿ ಯಾರೋ ಎತ್ತಿಕೊಂಡು ಇಳಿದದ್ದು. ಸ್ಟ್ಯಾಗ್ ಕೊಡೆ ಅದು, ಹೊಸದು.” ಪುಸ್ತಕದಲ್ಲಿ ಕುರ್ಲಾ ಎಲ್ಲಿತ್ತೋ. ಮಕ್ಕಳು ಮಾಮನ ಸುತ್ತ ಬಂದು ಕೂತವು. ಹನ್ನೆರಡಾದರೂ ಏಳಲಿಲ್ಲ. ಅಷ್ಟು ಹೊತ್ತು ಮಾಮ ಆಡಿದ್ದೆಲ್ಲ ಕನ್ನಡವೇ.

ಅವರೆಲ್ಲ ಹೋದ ಮೇಲೆ ಮಾಮ ರಿಜಿಸ್ಟರ್ ಬಿಡಿಸಿದರು. ಪುಸ್ತಕದ ಹೆಸರು ಬರೆದರು. ಪುಟ 24, ಬೆಲೆ 120. ಮುಂದಿನ ಕಾಲಂ: ಭಾಷೆ. ನಮ್ಮ ವಾಚನಾಲಯದ ನಿಯಮಾವಳಿಯ ಪ್ರಕಾರ ಕನ್ನಡವಲ್ಲದ ಪುಸ್ತಕಕ್ಕೆ ಸಂಘದ ದುಡ್ಡು ಹಾಕುವಂತಿಲ್ಲ; ಆ ನಿಯಮ ಬರೆದವರೂ ಮಾಮನೇ. ಪೆನ್ನು ಹಿಡಿದು ಬಹಳ ಹೊತ್ತು ಕೂತರು. ಪುಸ್ತಕವನ್ನು ಇನ್ನೊಮ್ಮೆ ಮೊದಲಿಂದ ಕೊನೆಯವರೆಗೆ ತಿರುವಿದರು. ಈ ಸಲ ಎಣಿಸುತ್ತಿರಲಿಲ್ಲ.

‘ಕನ್ನಡ’ ಎಂದು ದುಂಡಗೆ ಬರೆದರು. ಠಸ್ಸೆ ಒತ್ತಿ, ಊದಿ ಒಣಗಿಸಿ, ಪುಸ್ತಕವನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದರು.