ದಾಕ್ಷಿಣ್ಯದ ಮೇಲೆ ಓಡುವ ಕಾರು

ಕರ್ನಾಟಕದಲ್ಲಿ ಮಾರಾಟಕ್ಕಿರುವ ಹಳೆಯ ಕಾರುಗಳಲ್ಲಿ ಅರ್ಧವನ್ನು ಡಾಕ್ಟರುಗಳೇ ಓಡಿಸಿದ್ದಾರೆ. ಉಳಿದರ್ಧವನ್ನು ಅವರ ಶ್ರೀಮತಿಯರು, ಅದೂ ಭಾನುವಾರ ದೇವಸ್ಥಾನಕ್ಕೆ ಹೋಗಿಬರಲು ಮಾತ್ರ. ‘ಸಿಂಗಲ್ ಓನರ್ ಸಾರ್, ಮನೆ ಗಾಡಿ, ಒಂದ್ ರೂಪಾಯ್ ಕೆಲಸ ಇಲ್ಲ’ ಎಂದು ಬ್ರೋಕರ್ ಹೇಳಿದ ಮೇಲೂ ಪ್ರಶ್ನೆ ಕೇಳುವುದು ಸಭ್ಯರ ಲಕ್ಷಣವಲ್ಲ. 10 ವರ್ಷದ ಕಾರು 38,000 ಕಿಲೋಮೀಟರ್ ಓಡಿದೆ ಎನ್ನುತ್ತದೆ ಮೀಟರು. ಬ್ರೇಕ್ ಪೆಡಲಿನ ರಬ್ಬರ್ ನುಣ್ಣಗೆ ಸವೆದಿದೆ, ಸ್ಟೀರಿಂಗು ಮಿರಮಿರ ಮಿಂಚುತ್ತಿದೆ, ಗೇರಿನ ಮೇಲಿನ ಅಂಕಿಗಳು ಅಳಿಸಿಹೋಗಿವೆ. ಡಾಕ್ಟರು ಗಾಡಿಯನ್ನು ಶೆಡ್ಡಿನಲ್ಲೇ ನಿಲ್ಲಿಸಿಕೊಂಡು ಒಳಗೆ ಕೂತು ಬರೀ ಗೇರ್ ಬದಲಾಯಿಸುತ್ತಿದ್ದರು ಎಂದುಕೊಂಡು ಸುಮ್ಮನಾಗುತ್ತೇವೆ. ಕಂಪನಿ ಸರ್ವಿಸ್ ಮಾಡಿಸಿದ ಗಾಡಿಯಾದರೆ ಸರ್ವಿಸ್ ಸೆಂಟರಿನಲ್ಲಿ ಪ್ರತಿ ಸಲದ ಕಿಲೋಮೀಟರೂ ದಾಖಲಾಗಿರುತ್ತದೆ; ಓನರ್ ಮನಸ್ಸು ಮಾಡಿದರೆ ಆ ಹಿಸ್ಟರಿ ತೆಗೆಸಿಕೊಡಬಹುದು. ಆದರೆ ಹಾಗೆ ಕೇಳಿದರೆ ಬ್ರೋಕರ್ ಏನಂದುಕೊಳ್ಳುತ್ತಾನೋ! ಪಾಪ, ಕಾಫಿ ಬೇರೆ ತರಿಸಿಕೊಟ್ಟಿದ್ದಾನೆ.

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದ ನಮ್ಮ ಹಿರಿಯರು ಸೆಕೆಂಡ್ ಹ್ಯಾಂಡ್ ಕಾರು ನೋಡಿದವರಲ್ಲ. ಆದರೂ ಆ ಕಾಫಿಯ ಬೆಲೆ ಅವರಿಗೆ ಗೊತ್ತಿತ್ತು.

ಹಾಗೆಂದು ನಾವು ಪರೀಕ್ಷೆಯನ್ನೇ ಮಾಡುವುದಿಲ್ಲ ಎಂದರೆ ತಪ್ಪಾದೀತು. ನಂಬರ್ ಪ್ಲೇಟಿನ ಅಂಕಿಗಳನ್ನು ಕೂಡಿ ನೋಡುತ್ತೇವೆ. ಮೊತ್ತ ಎಂಟು ಬಂದರೆ ಎಂಥ ಚಿನ್ನದಂಥ ಗಾಡಿಯಾದರೂ ಬೇಡ. ಕಪ್ಪು ಬಣ್ಣ ರಾಶಿಗೆ ಆಗಿಬರುತ್ತದೋ ಇಲ್ಲವೋ ಎಂದು ಜೋಯಿಸರಿಗೆ ಫೋನ್ ಮಾಡುತ್ತೇವೆ. ತಜ್ಞರ ಸ್ಥಾನದಲ್ಲಿ ಭಾವಮೈದುನ ಬಂದಿರುತ್ತಾನೆ. ಆತ ಟೈರಿಗೊಂದು ಒದೆ ಕೊಟ್ಟು ‘ಗಟ್ಟಿ ಇದೆ ಭಾವ’ ಎಂದು ಷರಾ ಬರೆದಾಯಿತು. ಒದೆಯುವ ಬದಲು ಬಗ್ಗಿ ನೋಡಿದ್ದರೆ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಕಾಣುತ್ತಿತ್ತು. 2317 ಎಂದಿದ್ದರೆ ಅದು 2017ನೇ ಇಸವಿಯ 23ನೇ ವಾರ ತಯಾರಾದದ್ದು. ಕೂಡಿಸುವುದಕ್ಕಲ್ಲ, ಓದುವುದಕ್ಕೆ ಇರುವ ಅಂಕಿ. ಹಾಗಾಗಿ ನಮ್ಮ ಗಮನಕ್ಕೆ ಬರುವುದಿಲ್ಲ. ಗಲ್ಲಿಯ ಮೆಕ್ಯಾನಿಕ್ಕಿಗೆ ಸಾವಿರ ರೂಪಾಯಿ ಕೊಟ್ಟು ಕರೆದೊಯ್ದಿದ್ದರೆ ಆತ ಮೊದಲು ಬಾನೆಟ್ಟಿನ ಮೇಲೆ ಕೈಯಿಡುತ್ತಿದ್ದ. ಬೆಚ್ಚಗಿದ್ದರೆ ‘ಇವತ್ತು ಬೇಡ, ನಾಳೆ ಬೆಳಿಗ್ಗೆ ಬರ್ತೀವಿ, ಅಲ್ಲಿವರೆಗೆ ಸ್ಟಾರ್ಟ್ ಮಾಡ್ಬೇಡಿ’ ಎನ್ನುತ್ತಿದ್ದ, ಯಾಕೆಂದರೆ ತಣ್ಣಗಿರುವ ಎಂಜಿನ್ ಮಾತ್ರ ತನ್ನ ರೋಗವನ್ನು ಒಪ್ಪಿಕೊಳ್ಳುತ್ತದೆ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ ಎಂದರ್ಥ. ಆದರೆ ಸಾವಿರ ರೂಪಾಯಿ ದಂಡ ಯಾಕೆ? ಆ ದುಡ್ಡಿಗೆ ಹೊಸ ಸೀಟ್ ಕವರ್ ಬರುತ್ತದೆ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ವ್ಯಾಪಾರವನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಬರೆದರು. ಮಾರುವವನಿಗೆ ಗಾಡಿಯ ಹುಳುಕೆಲ್ಲ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹೀಗಾದರೆ ಒಳ್ಳೆಯ ಗಾಡಿಗಳೇ ಮಾರುಕಟ್ಟೆ ಬಿಟ್ಟು ಹೋಗುತ್ತವೆ ಎಂಬುದು ಅದರ ತಿರುಳು. 2001ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು. ಗೊತ್ತಾದರೆ ಎಲ್ಲಿ ಮುಜುಗರವಾಗುತ್ತದೋ ಎಂದು ಕಣ್ಣು ಮುಚ್ಚಿಕೊಳ್ಳುವ ಗಿರಾಕಿಯೂ ಇರುತ್ತಾನೆಂದು ಅವರಿಗೆ ಯಾರೂ ಹೇಳಿದಂತಿಲ್ಲ.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಕಡೆಯ ಬಡಾವಣೆಗಳಿಗೆ ನೀರು ನುಗ್ಗಿ ಸಾಹೇಬರುಗಳೆಲ್ಲ ಟ್ರ್ಯಾಕ್ಟರ್ ಹತ್ತಿದ್ದನ್ನು ಟೀವಿಯಲ್ಲಿ ನೋಡಿ ಖುಷಿಪಟ್ಟೆವು. ಅವರ ಮುಳುಗಿದ ಕಾರುಗಳು ಎಲ್ಲಿಗೆ ಹೋದವು? ಅಷ್ಟೂ ಗುಜರಿಗೇ ಹೋಗಿರಬೇಕು ಎಂದು ನಂಬುವವರಿಗಾಗಿಯೇ ಮಲ್ಲಿಗೆ ಪರಿಮಳದ ಸ್ಪ್ರೇ ಹೊಡೆದ ಗಾಡಿಗಳು ಕಾದಿರುತ್ತವೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದರೆ ಅದರ ತುದಿಯಲ್ಲಿ ಕೆರೆಯ ಕೆಸರು ಗೆರೆ ಎಳೆದಿರುವುದು ಕಂಡೀತು. ಎಳೆಯಬೇಕಷ್ಟೆ. ದೆಹಲಿಯದು ಇನ್ನೊಂದು ಪ್ರವಾಹ. 10 ವರ್ಷ ದಾಟಿದ ಡೀಸೆಲ್ ಗಾಡಿ ಅಲ್ಲಿ ಓಡಕೂಡದು ಎಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಮೇಲೆ ಎಂಟೊಂಬತ್ತು ವರ್ಷದ ದೊಡ್ಡ ಗಾಡಿಗಳು ದಕ್ಷಿಣಕ್ಕೆ ಮುಖ ಮಾಡಿದವು. ರೇಟು ಕೇಳಿ ಹಿಗ್ಗುತ್ತೇವೆ. ಎನ್‌ಒಸಿ ತರಿಸಿ, ಇಲ್ಲಿ ಮರುನೋಂದಣಿ ಮಾಡಿಸಿ, ಕರ್ನಾಟಕದ ಲೈಫ್ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಹಿಗ್ಗು ಇಳಿದಿರುತ್ತದೆ.

ಕಾಗದಪತ್ರದ ವಿಷಯಕ್ಕೆ ಬಂದರೆ ನಮ್ಮ ಔದಾರ್ಯಕ್ಕೆ ಎಣೆಯೇ ಇಲ್ಲ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇದೆ. ‘ಲೋನ್ ಕ್ಲಿಯರ್ ಆಗಿದೆ ಸಾರ್, ಲೆಟರ್ ಬರ್ತಾ ಇದೆ’ ಎಂದರೆ ನಂಬುತ್ತೇವೆ. ಗಾಡಿಯ ಮೇಲೆ ಸಿಗ್ನಲ್ ಹಾರಿದ ದಂಡಗಳು ಸಾಲಾಗಿ ನಿಂತಿವೆಯೇ ಎಂದು ಮೊಬೈಲಿನಲ್ಲೇ ನೋಡಬಹುದು, ನೋಡುವುದಿಲ್ಲ. 2023ರಲ್ಲಿ ಸರ್ಕಾರ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಿತ್ತು, ಮತ್ತೆ ಕೊಟ್ಟೀತು ಎಂಬ ಆಸೆ. ಇನ್ಶೂರೆನ್ಸ್ ‘ಫುಲ್ ಇದೆ’ ಎಂದದ್ದೇ ಸಾಕು. ನೋ ಕ್ಲೇಮ್ ಬೋನಸ್ ಹಳೆಯ ಓನರಿನ ಜೊತೆ ಹೋಗುತ್ತದೆ, ಕಾರಿನ ಜೊತೆ ಬರುವುದಿಲ್ಲ. ಪಾಲಿಸಿಯನ್ನು 14 ದಿನದೊಳಗೆ ನಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡದಿದ್ದರೆ ನಮ್ಮ ಕಾರಿಗೆ ಪೆಟ್ಟಾದಾಗ ಆ ‘ಫುಲ್’ ಖಾಲಿ. ಹಳೆಯ ಗಾಡಿ ಮಾರುವ ಡೀಲರ್ ಸಾರಿಗೆ ಇಲಾಖೆಯ ಅಧಿಕಾರಪತ್ರ ಹೊಂದಿರಬೇಕೆಂದು ಕೇಂದ್ರ ಸರ್ಕಾರ 2022ರಲ್ಲೇ ನಿಯಮ ಮಾಡಿದೆ. ಅದನ್ನು ತೋರಿಸಿ ಎನ್ನಲು ಎಂಟೆದೆ ಬೇಕು.

ಕೊಳ್ಳುವವರ ಪೆದ್ದುತನಕ್ಕೆ ನಗುವ ಮಾರಾಟಗಾರರೂ ಸ್ವಲ್ಪ ತಡೆಯಿರಿ. ‘ಆರ್‌ಟಿಒ ಕೆಲಸ ನಾನ್ ನೋಡ್ಕೋತೀನಿ, ನೀವ್ಯಾಕೆ ಓಡಾಡ್ತೀರಾ’ ಎಂದ ಬ್ರೋಕರಿನ ದಾಕ್ಷಿಣ್ಯಕ್ಕೆ ಸಿಕ್ಕಿ ಹೆಸರು ವರ್ಗಾವಣೆಯ 29, 30ನೇ ನಮೂನೆಗಳಿಗೆ ಖಾಲಿ ಸಹಿ ಹಾಕಿಕೊಟ್ಟವರು ನೀವು. ಹೆಸರು ಬದಲಾಗದೆ ಹಲವು ಕೈ ದಾಟಿದ ಕಾರೊಂದು ಅಪಘಾತ ಮಾಡಿದ ಪ್ರಕರಣದಲ್ಲಿ, ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಾರು ಯಾರದೋ ಮನೆಯಲ್ಲಿ, ಕೋರ್ಟಿನ ನೋಟಿಸು ನಿಮ್ಮ ಮನೆಯಲ್ಲಿ. ಎರಡೂ ಕಡೆ ಕಮಿಷನ್ ಎಣಿಸಿಕೊಂಡ ಬ್ರೋಕರಿನ ಹೆಸರು ಬರೆಯಲು ಮಾತ್ರ ಆ ಎರಡು ನಮೂನೆಗಳಲ್ಲೂ ಒಂದು ಕಾಲಂ ಇಲ್ಲ.