ಎಂಜಿನ್ ಇಳಿಸುವ ಮುಂಚೆ ಒಂದು ಮಾತು

ಹಳೇ ಜೀಪಿನ ಎಂಜಿನ್ ಬದಲಿಸಲಿಕ್ಕೆ ಎಷ್ಟಾಗ್ತದೆ ಅಂತ ಶಿರಸಿಯ ಯಾವ ಗ್ಯಾರೇಜಿನಲ್ಲಾದರೂ ಕೇಳಿ ನೋಡಿ, ನೇರ ಉತ್ತರ ಸಿಗುವುದಿಲ್ಲ. ಮೇಸ್ತ್ರಿ ಮೊದಲು ಬಾನೆಟ್ ಎತ್ತಿಸುತ್ತಾನೆ, ಕೆಳಗೆ ಬಗ್ಗಿ ಗೇರ್‌ಬಾಕ್ಸ್ ನೋಡುತ್ತಾನೆ, ಕೈ ಒರೆಸಿಕೊಂಡು ‘ಎಂಜಿನ್ ನೀವೇ ತರ್ತೀರೋ, ನಾನೇ ನೋಡ್ಬೇಕೋ?’ ಅನ್ನುತ್ತಾನೆ. ಜಾರಿಕೊಳ್ಳುವ ಮಾತಲ್ಲ ಅದು. ಎಂಜಿನ್ನಿನ ರೇಟು ಹೇಳುವುದು ಸುಲಭ, ಅದನ್ನು ಕೂರಿಸುವ ರೇಟು ಬಿಚ್ಚಿದ ಮೇಲೇ ಗೊತ್ತಾಗುವುದು, ಅಲ್ವಾ?

ನಮ್ಮ ಕಡೆ ಹಳೇ ಕಾರು ಅಂದರೆ ಎಲ್ಲರಿಗೂ ಮೊದಲು ನೆನಪಾಗುವುದು ಜೀಪೇ. ಅಂಬಾಸಿಡರ್ ಇತ್ತು, ಫಿಯೆಟ್ಟೂ ಇತ್ತು, ಅವೆಲ್ಲ ಡಾಂಬರು ಇರುವಲ್ಲಿಯವರೆಗೆ. ಅಲ್ಲಿಂದ ಮುಂದೆ ತೋಟದ ಮನೆಗೆ ಇಳಿಯಲಿಕ್ಕೆ ಜೀಪೇ ಆಗಬೇಕು. ಮಳೆಗಾಲದ ಕೆಸರಿನಲ್ಲಿ ಗಾಲಿಗೆ ಕಬ್ಬಿಣದ ಸರಪಳಿ ಸುತ್ತಿಕೊಂಡು ಗುಂಯ್‌ಗುಟ್ಟುತ್ತ ಏರು ಹತ್ತುತ್ತಿದ್ದದ್ದು ನೆನಪಿದೆಯಲ್ಲ? ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ, ಸುಣ್ಣ ಬರುತ್ತಿದ್ದದ್ದು ಅದರಲ್ಲಿ, ಚಾಲಿ ಅಡಿಕೆಯ ಮೂಟೆ ಪೇಟೆಗೆ ಹೋಗುತ್ತಿದ್ದದ್ದು ಅದರಲ್ಲಿ. ಮಾರಿಕಾಂಬಾ ಜಾತ್ರೆಗೆ ಹೊರಟರೆ ಹಿಂದಿನ ಸೀಟಿನಲ್ಲಿ ಎಷ್ಟು ಜನ ಅಂತ ಎಣಿಸುವ ಪದ್ಧತಿಯೇ ಇರಲಿಲ್ಲ. ಕೊನೆಗೆ ಹತ್ತಿದವರು ಹಿಂದಿನ ಬಾಗಿಲ ಮೇಲೆ ಕಾಲು ಇಳಿಬಿಟ್ಟು ಕೂತರೆ ಗಾಡಿ ಭರ್ತಿ ಅಂತ ಲೆಕ್ಕ.

ಆ ಜೀಪಿನ ಎತ್ತರದ ಬಾನೆಟ್ಟಿಗೆ ಒಂದು ಕಥೆ ಇದೆ, ಹೇಳಿಬಿಡುತ್ತೇನೆ. 1953ರಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿಯವರು ಜೀಪಿಗೆ ಹೊಸದಾಗಿ ಹರಿಕೇನ್ ಎಂಜಿನ್ ಕೂರಿಸಲು ಹೊರಟರು. ಹಳೆಯದರಲ್ಲಿ ವಾಲ್ವುಗಳೆಲ್ಲ ಬ್ಲಾಕಿನ ಪಕ್ಕದಲ್ಲಿದ್ದವು, ಇದರಲ್ಲಿ ಗಾಳಿ ಒಳಗೆ ಬರುವ ವಾಲ್ವು ತಲೆಯ ಮೇಲೆ ಬಂತು. ಎಂಜಿನ್ ಎತ್ತರ ಬೆಳೆಯಿತು, ಬಾನೆಟ್ ಮುಚ್ಚಲಿಲ್ಲ. ಅದಕ್ಕೆ ಬಾನೆಟ್ಟನ್ನೇ ಎತ್ತರಿಸಿದರು. ಹಾಗೆ ಹುಟ್ಟಿದ ಸಿಜೆ-3ಬಿ ಮಾದರಿಯನ್ನೇ ಮಹೀಂದ್ರದವರು ಇಲ್ಲಿ ದಶಕಗಟ್ಟಲೆ ಮಾಡಿದರು. ಎಂಜಿನ್ ಬದಲಿಸಿದರೆ ಗಾಡಿಯ ಮೂತಿಯನ್ನೂ ಬದಲಿಸಬೇಕು ಅನ್ನುವುದು ಕಂಪನಿಗೇ ಬಂದ ಪಾಡು! ಮುಂದೆ ಡೀಸೆಲ್ ಎಂಜಿನ್ ಕೂರಲು ಜಾಗ ಸಿಕ್ಕಿದ್ದೂ ಅದೇ ಬಾನೆಟ್ಟಿನ ಅಡಿಗೆ.

ಡೀಸೆಲ್ ಯಾಕೆ ಬಂತು ಅಂತ ನಿಮಗೆ ಹೇಳಬೇಕಾಗಿಲ್ಲ. ಹರಿಕೇನ್ 2199 ಸಿಸಿಯದು, ಪೆಟ್ರೋಲನ್ನು ಎದ್ದೂಬಿದ್ದೂ ಕುಡಿಯುತ್ತಿತ್ತು. ಆಗ ಡೀಸೆಲ್ ಪೆಟ್ರೋಲಿನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತಿತ್ತು. ಮಹೀಂದ್ರದವರೇ 1979ರಲ್ಲಿ ಫ್ರಾನ್ಸಿನ ಪ್ಯೂಜೋ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡು ಡೀಸೆಲ್ ಎಂಜಿನ್ ತಂದರು. ಟ್ರ್ಯಾಕ್ಟರ್ ಕುಲದ ಡಿಐ ಎಂಜಿನ್ನೂ ಜೀಪಿಗೆ ಬಂತು. ಕಂಪನಿ ಹೊಸ ಗಾಡಿಗೆ ಹಾಕಿದ್ದನ್ನು ನಮ್ಮ ಮೇಸ್ತ್ರಿಗಳು ಹಳೇ ಗಾಡಿಗೆ ಹಾಕಿದರು. ಅಂಬಾಸಿಡರಿಗೆ ಮೆಟಡೋರ್ ಎಂಜಿನ್ ಹಾಕಿಸಿಕೊಂಡವರೂ ಇದ್ದರು. ಅದರ ಸದ್ದಿಗೆ ಮದುವೆ ದಿಬ್ಬಣ ಬರುವುದು ಎರಡು ತಿರುವು ಮೊದಲೇ ಗೊತ್ತಾಗಿ ಅಡುಗೆಮನೆಯಲ್ಲಿ ಪಾನಕ ಬೆರೆಸಲು ಶುರುಮಾಡುತ್ತಿದ್ದರು.

ಖರ್ಚಿನ ಮಾತಿಗೆ ಬರೋಣ. ಎತ್ತು ಬದಲಿಸಿದರೆ ನೊಗವನ್ನೂ ಹೊಸದಾಗಿ ಕೆತ್ತಿಸಬೇಕಾಗ್ತದಲ್ಲ, ಇದೂ ಹಾಗೇ. ಹೊಸ ಎಂಜಿನ್ನಿನ ಬೆನ್ನಿಗೆ ಹಳೇ ಗೇರ್‌ಬಾಕ್ಸ್ ಕೂಡುವುದಿಲ್ಲ, ನಡುವೆ ಒಂದು ದಪ್ಪ ತಗಡನ್ನು ಲೇತಿನಲ್ಲಿ ಕೊರೆಸಬೇಕು. ಅದಕ್ಕೆ ಹುಬ್ಬಳ್ಳಿಗೆ ಹೋಗಿ ಬರುವ ಖರ್ಚು, ಒಂದು ಕೂದಲೆಳೆ ತಪ್ಪಿದರೆ ಇನ್ನೊಂದು ಸಲ ಹೋಗುವ ಖರ್ಚು. ಎಂಜಿನ್ ಹೊರುವ ಕಾಲುಗಳನ್ನು ಚಾಸಿಸ್ಸಿಗೆ ಹೊಸದಾಗಿ ವೆಲ್ಡ್ ಮಾಡಬೇಕು. ಡೀಸೆಲ್ ಭಾರ ಹೆಚ್ಚು, ಮುಂದಿನ ಸ್ಪ್ರಿಂಗ್ ಪಾಟಾಕ್ಕೆ ಇನ್ನೊಂದು ಎಲೆ ಸೇರಿಸಬೇಕು. ಪೆಟ್ರೋಲ್ ಎಂಜಿನ್ ಗಾಳಿಯನ್ನು ಏಳು ಪಟ್ಟಿನ ಆಸುಪಾಸು ಒತ್ತಿದರೆ ಡೀಸೆಲ್ ಇಪ್ಪತ್ತು ಪಟ್ಟಿನ ಆಸುಪಾಸು ಒತ್ತುತ್ತದೆ. ಅದನ್ನು ತಿರುಗಿಸಲು ದೊಡ್ಡ ಸ್ಟಾರ್ಟರು, ದೊಡ್ಡ ಬ್ಯಾಟರಿ ಬೇಕು. ರೇಡಿಯೇಟರ್, ಸೈಲೆನ್ಸರ್, ಟ್ಯಾಂಕಿನಿಂದ ಬರುವ ಪೈಪು ಯಾವುದೂ ಹಳೆಯದು ಸಾಲುವುದಿಲ್ಲ.

ಇಷ್ಟೆಲ್ಲ ಆಗಿ ಗಾಡಿ ಹೊರಟಿತು ಅನ್ನಿ. ಆಗ ಗಾಲಿ ತಿರುಗಿಸುವ ಹಲ್ಲುಚಕ್ರದ ಜೋಡಿ, ಕ್ರೌನ್-ಪಿನಿಯನ್ ತಗಾದೆ. ಹಳೇ ಪೆಟ್ರೋಲ್ ಜೀಪಿನಲ್ಲಿ ಅದರ ಅನುಪಾತ 5.38. ಅಂದರೆ ಉದ್ದದ ಶಾಫ್ಟು ಐದು ಸುತ್ತಿಗಿಂತ ಹೆಚ್ಚು ತಿರುಗಿದರೆ ಗಾಲಿ ಒಂದು ಸುತ್ತು. ಪೆಟ್ರೋಲ್ ಎಂಜಿನ್ ಜೋರಾಗಿ ತಿರುಗುತ್ತಿತ್ತು, ನಡೆಯುತ್ತಿತ್ತು. ಟ್ರ್ಯಾಕ್ಟರ್ ಕುಲದ್ದು ನಿಧಾನಿ, ಸದ್ದು ಮಾಡಿದಷ್ಟು ದಾರಿ ಸಾಗುವುದಿಲ್ಲ. ದೇವಿಮನೆ ಘಟ್ಟ ಹತ್ತುವಾಗ ಅದರ ಬಲ ಕೈಹಿಡಿಯುತ್ತದೆ, ಒಪ್ಪೋಣ. ಯಲ್ಲಾಪುರದಿಂದ ಹುಬ್ಬಳ್ಳಿಯ ಕಡೆ ಸಪಾಟು ರಸ್ತೆಯಲ್ಲಿ ಮಾತ್ರ ಹಿಂದಿನ ಲಾರಿಯವನು ಹಾರ್ನಿನ ಮೇಲಿಂದ ಕೈ ತೆಗೆಯುವುದಿಲ್ಲ. ಹಾಗಾಗಿ ಕ್ರೌನ್-ಪಿನಿಯನ್ನೂ ಬದಲು, ಅದಕ್ಕೂ ದುಡ್ಡು. ಗೇರ್‌ಬಾಕ್ಸ್ ಸಮೇತ ಸೆಟ್ಟಾಗಿ ಎಂಜಿನ್ ತರುವುದು ಜಾಣತನ ಅನ್ನುವುದು ಇದಕ್ಕೇ. ಕೊಳ್ಳುವಾಗ ಜಾಸ್ತಿ ಕಂಡರೂ ಲೇತಿನ ಅಲೆದಾಟ ಉಳಿಯುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಪೆಟ್ರೋಲ್ ಜೀಪು ಲೀಟರಿಗೆ 7 ಕಿಲೋಮೀಟರ್, ಡೀಸೆಲ್ಲಿನದು 12 ಅಂತ ಇಟ್ಟುಕೊಳ್ಳಿ. ಪೆಟ್ರೋಲಿಗೆ 103 ರೂಪಾಯಿ, ಡೀಸೆಲ್ಲಿಗೆ 91 ಅನ್ನಿ. ಕಿಲೋಮೀಟರಿಗೆ ಉಳಿಯುವುದು ಏಳು ರೂಪಾಯಿ. ಎಲ್ಲ ಸೇರಿ ಒಂದೂವರೆ ಲಕ್ಷದಲ್ಲಿ ಮುಗಿಯಿತು ಅಂದುಕೊಂಡರೂ ಅಸಲು ಹುಟ್ಟಲಿಕ್ಕೆ 21 ಸಾವಿರ ಕಿಲೋಮೀಟರ್ ಓಡಬೇಕು. ವಾರಕ್ಕೆ ನೂರು ಕಿಲೋಮೀಟರ್ ಓಡುವ ತೋಟದ ಜೀಪಿಗೆ ನಾಲ್ಕು ವರ್ಷವಾಯಿತು! 2014ರ ಅಕ್ಟೋಬರಿನಲ್ಲಿ ಸರ್ಕಾರ ಡೀಸೆಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಾಗಲೇ ಈ ವ್ಯವಹಾರದ ರುಚಿ ಹೋಯಿತು ಅನ್ನುವುದು ನನ್ನ ಖಂಡಿತ ಅಭಿಪ್ರಾಯ.

ಕಾಗದಪತ್ರದ್ದು ಬೇರೆಯೇ ಪುರಾಣ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದೆಯಲ್ಲ, ಕಂಪನಿ ಹೇಳಿದ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಮಾರ್ಪಡಿಸಬಾರದು ಅನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಮಾಡಿ ಹೇಳಿತು. ಆರ್‌ಟಿಓ ಒಪ್ಪಿಗೆ ಇಲ್ಲದೆ ಎಂಜಿನ್ ಬದಲಿಸಿ, ನಾಳೆ ಏನಾದರೂ ಆದರೆ ವಿಮೆಯವರು ಸುಮ್ಮನಿರ್ತಾರಾ? ಗ್ಯಾರೇಜಿಗೆ ಮುಂಗಡ ಕೊಡುವ ಮುಂಚೆ ಶಿರಸಿಯ ಕೆಎ-31ರ ಆರ್‌ಟಿಓ ಕಚೇರಿಗೆ ಹೋಗಿ ಕೇಳಿಕೊಂಡು ಬರುವುದು ಒಳ್ಳೆಯದು.

ಪಕ್ಕದ್ಮನೆ ಭಾವನ ಜೀಪಿನದು ಇನ್ನೂ ವಿಚಿತ್ರ. ಅವನ ಅಪ್ಪಯ್ಯನ ಕಾಲದಲ್ಲಿ ಹರಿಕೇನ್ ಇಳಿಸಿ ಡೀಸೆಲ್ ಕೂರಿಸಿದ್ದರು. ಇಳಿಸಿದ್ದು ಬಹಳ ವರ್ಷ ಕೊಟ್ಟಿಗೆಯ ಮೂಲೆಯಲ್ಲಿತ್ತು. ಅದರ ಮೇಲೆ ಗೋಣಿ ಒಣಹಾಕುತ್ತಿದ್ದರು, ಒಂದು ಕೋಳಿ ಮೊಟ್ಟೆಯನ್ನೂ ಇಟ್ಟಿತ್ತು. ಕಡೆಗೊಂದು ದಿನ ತೂಕಕ್ಕೆ ಗುಜರಿಯವನ ಪಾಲಾಯಿತು. ಈಗ ಭಾವನಿಗೆ ಅದೇ ಬೇಕು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ನಿಯಮ ತಂತಲ್ಲ, ಐವತ್ತು ವರ್ಷ ದಾಟಿದ ಗಾಡಿಯನ್ನು 20,000 ರೂಪಾಯಿ ಕಟ್ಟಿ ಹತ್ತು ವರ್ಷಕ್ಕೆ ನೋಂದಾಯಿಸಬಹುದು, ಆದರೆ ಚಾಸಿಸ್, ಬಾಡಿ, ಎಂಜಿನ್ ಎಲ್ಲ ಮೂಲ ರೂಪದಲ್ಲೇ ಇರಬೇಕು. ಅಂದು ಬೇಡ ಅಂತ ಇಳಿಸಿದ್ದನ್ನು ಇಂದು ಏರಿಸಲು ದುಪ್ಪಟ್ಟು ಖರ್ಚು. ‘ಎಂತ ಮಾಡದು ಭಾವಾ, ಎಂಜಿನ್ ಸಿಕ್ರೆ ಉಳಿದಿದ್ದು ಹ್ಯಾಂಗಾದ್ರೂ ಆಗ್ತು’ ಅನ್ನುತ್ತಾನೆ. ಮೂಲದ ಎಂಜಿನ್ ಸಿಕ್ಕರೂ ಕಚೇರಿಯವರು ಒಪ್ಪಬೇಕು, ಅದು ಆಮೇಲಿನ ಮಾತು. ಅವನಿಗೆ ಮುಖ್ಯವಾದದ್ದು ಅಪ್ಪಯ್ಯ ಓಡಿಸುತ್ತಿದ್ದ ಕಾಲದ ಸದ್ದು.

ಹಾಗಾಗಿ ನಾನು ಯಾರು ಕೇಳಿದರೂ ಹೇಳುವುದು ಒಂದೇ. ಪೆಟ್ರೋಲ್ ಎಂಜಿನ್ ಇನ್ನೂ ಜೀಪಿನಲ್ಲೇ ಇದ್ದರೆ ಇಳಿಸಬೇಡಿ. ಬೋರಿಂಗ್ ಮಾಡಿಸಿ, ಸ್ಲೀವ್ ಹಾಕಿಸಿ, ಪಿಸ್ಟನ್ನು ರಿಂಗು ಹೊಸದು ಮಾಡಿಸಿ. ಸಿಲಿಂಡರಿನ ಸವೆತವನ್ನು ಕೈಬೆರಳಿನಲ್ಲೇ ಅಳೆಯಬಲ್ಲ ಹಿರಿಯ ಮೇಸ್ತ್ರಿಗಳು ಶಿರಸಿಯಲ್ಲೂ ಯಲ್ಲಾಪುರದಲ್ಲೂ ಇನ್ನೂ ಇದ್ದಾರೆ. ಅವರ ಕೈ ಕೆಳಗೆ ಕಲಿಯುವ ಹುಡುಗರು ಕಡಿಮೆಯಾಗುತ್ತಿದ್ದಾರೆ ಅನ್ನುವುದು ನನಗೆ ಬೇಸರದ ವಿಷಯ.

ಅಂದಹಾಗೆ ಸಿದ್ದಾಪುರದ ಕಡೆ ನಿಮ್ಮ ನೆಂಟರು ಜಾಸ್ತಿ ಅಲ್ವಾ? ಯಾರ ಕೊಟ್ಟಿಗೆಯಲ್ಲಾದರೂ ಹಳೇ ಹರಿಕೇನ್ ಬಿದ್ದಿದ್ದರೆ ಗುಜರಿಗೆ ಕೊಡುವ ಮುಂಚೆ ಒಂದು ಮಾತು ಹೇಳಿ. ಬ್ಲಾಕು ಒಡೆದಿರದಿದ್ದರೆ ಸಾಕು, ಭಾವ ಬಂದು ಒಯ್ಯುತ್ತಾನೆ.