ನಿಡಘಟ್ಟದಲ್ಲಿ ಲೋ ವೋಲ್ಟೇಜು

ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನು ಎರಡು ತುಂಡಾಗಿ ಕಟ್ಟಿದರು: ನಿಡಘಟ್ಟದವರೆಗೆ 56 ಕಿ.ಮೀ., ಅಲ್ಲಿಂದ ಮೈಸೂರಿಗೆ 61. ತುಂಡುಗಳು ಕೂಡುವ ಆ ಊರಿನ ಟೀ ಅಂಗಡಿ ಜಗಲಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಕಪ್ಪು ಇನ್ಸುಲೇಷನ್ ಟೇಪು ಅಂಟಿಸಿ ತನ್ನದೇ ರಸ್ತೆ ಹಾಕಿದ್ದಳು.

“ಏನವ್ವಾ ಇದು?” ಎಂದರು ತಾತ.

“ರೋಬೋ ತಾತ, ಸ್ಪರ್ಧೆಗೆ. ಕಪ್ಪು ಗೆರೆ ಹಿಡ್ಕಂಡು ತಾನೇ ಓಡ್ತದೆ.”

“ಆ ದೊಡ್ಡ ರಸ್ತೆಗೆ ಬುಟ್ಟೀಯ! 2023ರ ಆಗಸ್ಟಿಂದ ನಮ್ ಟ್ರಾಕ್ಟರ್‌ನೇ ಬುಡಲ್ಲ ಅಲ್ಲಿ.”

ಹುಡುಗಿ ನೀಲಿ ಬೋರ್ಡು ತೋರಿಸಿದಳು. “ಇದು ಆರ್ಡುಯಿನೊ. 2005ರಲ್ಲಿ ಇಟಲಿಯ ಇವ್ರೆಯಾದಲ್ಲಿ ಮೇಷ್ಟ್ರುಗಳು ಶುರು ಮಾಡಿದ್ದು, ಓದೋ ಮಕ್ಕಳಿಗೆ ಅಂತ. ಈ ಊನೊದಲ್ಲಿ ಪ್ರೋಗ್ರಾಮಿಗೆ 32 ಕೆಬಿ ಜಾಗ, ಕೆಲ್ಸದ ನೆನಪಿಗೆ 2 ಕೆಬಿ.”

“ನನ್ ಉದ್ರಿ ಲೆಕ್ಕನೇ ಅದ್ರಲ್ಲಿ ಹಿಡಿಯಲ್ಲ ಬುಡು,” ಎಂದ ಅಂಗಡಿಯವನು.

“ಆ ಕೆಂಪು ಬೋರ್ಡು ಯಾಕೆ?”

“ಊನೊ ಪಿನ್ನಿಂದ 20 ಮಿಲಿಆಂಪ್‌ಗಿಂತ ಜಾಸ್ತಿ ಎಳೀಬಾರ್ದು. ಮೋಟ್ರಿಗೆ ನೂರಾರು ಬೇಕು. ಅಪ್ಪಣೆ ಅದ್ರದ್ದು, ಕರೆಂಟು ಇದ್ರದ್ದು. ಎಲ್298ಎನ್ ಅಂತ.”

ಸ್ವಿಚ್ ಒತ್ತಿದಳು. ಚಕ್ರ ಗಕ್ಕನೆ ಎಳೆಯಿತು, ಬೋರ್ಡಿನ ದೀಪ ಮಂಕಾಯಿತು, ಎಲ್ಲ ನಿಂತಿತು. ಅರೆಗಳಿಗೆಯಲ್ಲಿ ದೀಪ ಮಿಣುಕಿ ಮತ್ತೆ ಗಕ್ಕ್, ಮತ್ತೆ ಸ್ತಬ್ಧ.

“ಕೋಡು ತಪ್ಪಾಗೈತೆ,” ಹುಡುಗಿಯ ಮುಖ ಸಣ್ಣಗಾಯಿತು.

“ಕೋಡಲ್ಲ, ಬೋರ್ಡೇ ಚೀಪು,” ಎಂದ ಇಂಜಿನಿಯರಿಂಗ್ ಓದುವ ಅಣ್ಣ, ಫೋನಿನಿಂದ ಕಣ್ಣೆತ್ತದೆ. “ರೋಬೋರಿಯೋ ಬೇಕು. ಅಮೆರಿಕದ ಫಸ್ಟ್ ರೋಬೋಟಿಕ್ಸ್ ಸ್ಪರ್ಧೇಲಿ 2015ರಿಂದ ಅದೇ.”

ತಾತ ಬಗ್ಗಿ ನೋಡಿದರು. “ಮೋಟ್ರು ಏಳೋ ಹೊತ್ಗೇ ಸಾಯ್ತಾ ಐತೆ. ಇದು ಲೋ ವೋಲ್ಟೇಜ್ ಕಣವ್ವಾ! ನಮ್ ಪಂಪ್‌ಸೆಟ್ಟೂ ಹಿಂಗೇಯ. ಮೋಟ್ರು ಎದ್ದೇಳೋವಾಗ ಒಂದೇ ಸಲ ಎಳೀತದೆ, ವೋಲ್ಟೇಜ್ ಕುಸೀತದೆ, ಸ್ಟಾರ್ಟರ್ ಬಿಟ್ಕತ್ತದೆ.”

ಪಕ್ಕದ ರಿವೈಂಡಿಂಗ್ ಅಂಗಡಿಯಿಂದ ಮೀಟರು ಬಂತು. ಸುಮ್ಮನಿದ್ದಾಗ ಬ್ಯಾಟರಿ ಒಂಬತ್ತರ ಹತ್ತಿರ. ಚಕ್ರ ಎಳೆದೊಡನೆ ಮುಳ್ಳು ನಾಲ್ಕಕ್ಕಿಂತ ಕೆಳಗೆ.

ತಾತನ ಮಾತೇ ಸರಿ. ಮಕ್ಕಳು ಹೆಚ್ಚಾಗಿ ತರುವ ಆ ಚೌಕದ 9 ವೋಲ್ಟ್ ಬ್ಯಾಟರಿಯ ಒಳರೋಧ ಜಾಸ್ತಿ. ಮೋಟಾರಿನ ಹಸಿವಿಗೆ ಅದು ಸಾಲದು. ಸಾಲದ್ದಕ್ಕೆ ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗುತ್ತದೆ. ಬೋರ್ಡು ದಾಟಿ ಊನೊದ ಚಿಪ್‌ಗೆ ತಲುಪುವ ವೋಲ್ಟೇಜು 2.7ಕ್ಕಿಂತ ಇಳಿದರೆ ಅದು ರೀಸೆಟ್ ಆಗುತ್ತದೆ. ಆಗ ಮೋಟಾರು ನಿಂತು ಬ್ಯಾಟರಿ ಚೇತರಿಸಿಕೊಳ್ಳುತ್ತದೆ, ಪ್ರೋಗ್ರಾಂ ಮೊದಲಿನಿಂದ ಓಡುತ್ತದೆ, ಮೋಟಾರು ಮತ್ತೆ ಎಳೆಯುತ್ತದೆ. ಕೋಡು ತಿದ್ದುತ್ತ ರಾತ್ರಿಯೆಲ್ಲ ಕೂತರೂ ಇದು ವಾಸಿಯಾಗುವ ಕಾಯಿಲೆಯಲ್ಲ.

ಅಣ್ಣನ ದನಿ ಇಳಿದಿತ್ತು. “ಮೊದಲ ರೋಬೋರಿಯೋನೂ 12 ವೋಲ್ಟಿನ ಬ್ಯಾಟರಿ ಸುಮಾರು 6.3ಕ್ಕೆ ಇಳಿದ್ರೆ ತಾನು ಬದುಕ್ಕೊಳಕ್ಕೆ ಮೋಟ್ರು ನಿಲ್ಲಿಸ್ಬುಡ್ತದಂತೆ.”

“ಅಮೆರಿಕದಲ್ಲೂ ಲೋ ವೋಲ್ಟೇಜಾ?” ತಾತನಿಗೆ ಎಲ್ಲಿಲ್ಲದ ಸಮಾಧಾನ.

ಅಣ್ಣ ತನ್ನ ಡಬ್ಬಿಯಿಂದ 18650 ಲಿಥಿಯಂ ಸೆಲ್ ಎರಡನ್ನು ಸರಣಿಯಲ್ಲಿ ಜೋಡಿಸಿಕೊಟ್ಟ: 7.4 ವೋಲ್ಟ್. ಮೀಟರಿನಲ್ಲಿ ಕಡಿಮೆ ಕಂಡರೂ ಎಳೆತಕ್ಕೆ ಬಗ್ಗದು. ರೋಬೋ ಟೇಪು ಹಿಡಿದು ಜಗಲಿ ಸುತ್ತಿತು. ಅಂಗಡಿಯವನು ಕಾಲು ಮಡಚಿ ದಾರಿ ಬಿಟ್ಟ. “ಟೋಲ್ ಕೊಟ್ಟು ಹೋಗವ್ವ!”

ಆರರಿಂದ ಹನ್ನೆರಡನೇ ಕ್ಲಾಸಿನ ಮಕ್ಕಳಿಗೆಂದು ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಅನುದಾನವಿದೆ. ಅದರ ಪಟ್ಟಿ ಬರೆಯುವ ಮೇಷ್ಟ್ರುಗಳು ಹೊಸ ಬೋರ್ಡಿಗಿಂತ ಮೊದಲು ಒಳ್ಳೆಯ ಸೆಲ್, ಚಾರ್ಜರ್, ಒಂದು ಮಲ್ಟಿಮೀಟರ್ ಬರೆಯಲಿ.